ಎಡ ಮೂಲೆಯ ಬಟನ್

ಆ ಕಂಪ್ಯೂಟರ್ ಮಾಡಿದವರು ಯಾರೋ ನನಗೆ ಗೊತ್ತಿಲ್ಲ. ಎದುರಿಗೆ ಸಿಕ್ಕರೆ ಒಂದೇ ಮಾತು ಕೇಳುತ್ತೇನೆ: ಚಾಲೂ ಮಾಡುವ ಬಟನ್ ಇಡಲು ನಿಮಗೆ ಬೇರೆ ಜಾಗವೇ ಸಿಗಲಿಲ್ಲವೇ? ಮುಂದೆ ಜಾಗವಿದೆ. ಮೇಲೆ ಪೂರ್ತಿ ಖಾಲಿ ಬಿದ್ದಿದೆ. ಅದೆಲ್ಲ ಬಿಟ್ಟು ಬಟನ್ ಇಟ್ಟಿರುವುದು ಅಡಿಯಲ್ಲಿ. ಅಡಿಯಲ್ಲಿ ಅಂದರೆ ನಡುಮಧ್ಯದಲ್ಲೂ ಅಲ್ಲ, ಹಿಂಬದಿಯ ಎಡ ಮೂಲೆಯ ಅಡಿಯಲ್ಲಿ. ಊಟದ ಡಬ್ಬಿಯಷ್ಟಿರುವ ಯಂತ್ರ. ಅದನ್ನು ಚಾಲೂ ಮಾಡಬೇಕಾದರೆ ಆ ಮೂಲೆಯನ್ನು ಸ್ವಲ್ಪ ಎತ್ತಿ, ಕೆಳಗೆ ಬೆರಳು ತೂರಿಸಿ, ಕಣ್ಣಿಗೆ ಕಾಣದ ಬಟನ್ನನ್ನು ತಡಕಾಡಿ ಒತ್ತಬೇಕು. ಇದರ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ. ಅದರ ಜೊತೆಗೆ ಹೊತ್ತಿಕೊಂಡ ಹೊಟ್ಟೆಕಿಚ್ಚಂತೂ ಇಳಿಯುವ ಲಕ್ಷಣವೇ ಇಲ್ಲ.

ನಮ್ಮದು ಶಹಾಪುರದಲ್ಲಿ ಮದುವೆ ಕಾರ್ಡಿನ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಒಳಕೋಣೆಯಲ್ಲಿ ನನ್ನ ಗಂಡ ಅಚ್ಚಿನ ಯಂತ್ರ ನಡೆಸುತ್ತಾರೆ, ಹೊರಗೆ ಕಂಪ್ಯೂಟರಿನ ಮುಂದೆ ಕುಳಿತು ಕಾರ್ಡು ಸಿದ್ಧ ಮಾಡುವುದು ನನ್ನ ಕೆಲಸ. ಸುರಪುರದಿಂದ ಹಿರಿ ಸೊಸೆಯಾಗಿ ಬಂದ ಮೇಲೆ ನಾನು ಕಲಿತ ಕೆಲಸ ಇದೊಂದೇ. ಅಂಗಡಿಯ ಬಾಗಿಲ ಪಕ್ಕದಲ್ಲಿ ಒಂದು ಮಂಚ. ಅದರ ಮೇಲೆ ನಮ್ಮ ಅತ್ತೆ. ಬಂದವರ ಮಾತು, ಹೋದವರ ನಡಿಗೆ, ನನ್ನ ಕೈಕೆಲಸ ಎಲ್ಲವೂ ಅಲ್ಲಿಂದಲೇ ಅವರ ಕಣ್ಣಿಗೆ ಬೀಳುತ್ತದೆ.

ನಮ್ಮ ಅಂಗಡಿಯಲ್ಲಿ ಒಂದು ಪದ್ಧತಿ ಇದೆ. ಬೇರೆ ಅಂಗಡಿಗಳಲ್ಲಿ ನಾನು ಅದನ್ನು ಕಂಡಿಲ್ಲ. ಮಾವನವರು ಸೀಸದ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ, ಮದುವೆ ಮನೆಯವರು ಮೊದಲ ಮೊಳೆಗೆ ಕುಂಕುಮ ಹಚ್ಚಿ ಕೊಡುತ್ತಿದ್ದರಂತೆ. ಮೊಳೆ ಹೋಗಿ ಕಂಪ್ಯೂಟರ್ ಬಂದಾಗ ಆ ಕುಂಕುಮ ಎಲ್ಲಿಗೆ ಹೋಗಬೇಕು? ಅತ್ತೆ ಅದನ್ನು ಬಟನ್ನಿಗೆ ತಂದರು. ಕಾರ್ಡು ಮಾಡಿಸಲು ಬಂದವರ ಎದುರಿಗೇ ಯಂತ್ರ ಚಾಲೂ ಆಗಬೇಕು. ಆಗಲೇ ಚಾಲೂ ಇದ್ದರೆ ಬಂದ್ ಮಾಡಿ ಮತ್ತೆ ಚಾಲೂ ಮಾಡಬೇಕು, ಒಬ್ಬರ ಮದುವೆಯ ಕೆಲಸ ನಡೆಯುತ್ತಿರುವಾಗ ಅದರಲ್ಲೇ ಇನ್ನೊಬ್ಬರದನ್ನು ಶುರು ಮಾಡಿದರೆ ಎಂಜಲಾಗುತ್ತದೆ ಎಂಬುದು ಅತ್ತೆಯ ವಾದ. ಮದುವೆ ಮನೆಯ ಹೆಣ್ಣುಮಗಳು ಬಟನ್ನಿಗೆ ಅರಿಶಿಣ ಕುಂಕುಮ ಹಚ್ಚುತ್ತಾಳೆ. ಕಾರ್ಡು ಮಾಡುವವರು ಬಲಗೈಯಿಂದ ಅದನ್ನು ಒತ್ತುತ್ತಾರೆ. ಯಾರ ಕೈ ಒತ್ತುತ್ತದೋ ಆ ಕಾರ್ಡು ಕೊನೆಯವರೆಗೂ ಅವರದೇ. ನಡುವೆ ಕೈ ಬದಲಾಗುವ ಹಾಗಿಲ್ಲ.

ಹಳೆಯ ಕಂಪ್ಯೂಟರಿನ ಬಟನ್ ಎದುರಿಗೇ ಇತ್ತು, ದುಂಡಗೆ, ದೊಡ್ಡದಾಗಿ. ವರ್ಷಗಟ್ಟಲೆ ಕುಂಕುಮ ಕೂತು ಅದರ ಸುತ್ತ ಕೆಂಪು ಬಳೆಯೊಂದು ಬೆಳೆದಿತ್ತು. ಸಾಫ್ ಮಾಡಲು ಹೋದರೆ ಅತ್ತೆ ಬಿಡುತ್ತಿರಲಿಲ್ಲ. ಆ ಬಟನ್ ಒತ್ತಿ ಒತ್ತಿ ನನಗೊಂದು ಹೆಸರು ಬಂದಿತ್ತು. ನನ್ನ ಕೈಗುಣ ಚೆನ್ನಾಗಿದೆ, ನಾನು ಶುರು ಮಾಡಿದ ಮದುವೆಗೆ ವಿಘ್ನ ಬರುವುದಿಲ್ಲ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ಹುಣಸಗಿ ಕಡೆಯಿಂದ ಎರಡು ಬಸ್ಸು ಬದಲಿಸಿ ಬಂದವರು, “ಅಕ್ಕಾರ ಕೈಲೇ ಆಗ್ಬೇಕ್ರಿ” ಎಂದು ನಾನು ಊಟ ಮುಗಿಸಿ ಬರುವ ತನಕ ಕಾಯುತ್ತಿದ್ದರು. ಒಬ್ಬಳ ಕಾರ್ಡು ನಾನು ಮಾಡಿದ್ದೆ, ಆಮೇಲೆ ಅವಳ ತಂಗಿಯ ಕಾರ್ಡೂ ನನ್ನ ಕೈಯಲ್ಲೇ ಆಯಿತು. ಬೀಗಬಾರದು ಅನ್ನುತ್ತಾರೆ. ನಾನು ಬೀಗುತ್ತಿದ್ದೆ. ಮನೆಯಲ್ಲಿ ನನಗೆ ನನ್ನದು ಎನ್ನುವಂಥದ್ದು ಇದ್ದದ್ದು ಅದೊಂದೇ.

ಹೋದ ವರ್ಷ ಮೈದುನನ ಮದುವೆಯಾಯಿತು. ಅವನ ಹೆಂಡತಿ, ನನ್ನ ನೆಗೆಣ್ಣಿ, ಯಾದಗಿರಿಯವಳು. ಕಾರ್ಡಿನ ಚಿತ್ರ, ಬಣ್ಣ, ಅಕ್ಷರದ ವಿನ್ಯಾಸ ಎಲ್ಲ ಕಲಿತು ಬಂದವಳು. ಹಳೆಯ ಕಂಪ್ಯೂಟರ್ ಮುಂದೆ ಅವಳು ಕುಳಿತು ಚಿತ್ರ ತೆರೆದಾಗಲೆಲ್ಲ ಅದು ಏದುಸಿರು ಬಿಟ್ಟು ನಿಂತೇ ಹೋಗುತ್ತಿತ್ತು. ಮೈದುನ ಹೈದರಾಬಾದಿಗೆ ಹೋದವನು ಬರುವಾಗ ಈ ಸಣ್ಣ ಯಂತ್ರ ತಂದ. ಚೀಲದಿಂದ ಅದನ್ನು ತೆಗೆದು ಮೇಜಿನ ಮೇಲಿಟ್ಟಾಗ, ಉಳಿದದ್ದು ಇನ್ನೂ ಚೀಲದಲ್ಲಿದೆ ಎಂದೇ ನಾನು ತಿಳಿದಿದ್ದೆ.

“ಇಷ್ಟೇನ?” ಎಂದು ಅತ್ತೆ ಕೇಳಿದರು.

“ಇಷ್ಟರಾಗೇ ಎಲ್ಲಾ ಅದಬೇ,” ಎಂದ ಮೈದುನ.

“ಬಟನ್ ಎಲ್ಲದ?”

ಅವನು ಯಂತ್ರ ಎತ್ತಿ, ತಿರುವಿ, ಅಡಿಯ ಮೂಲೆ ತೋರಿಸಿದ. ಅತ್ತೆಯ ಮುಖ ನೋಡಿ ತಾನೇ ಸಮಜಾಯಿಷಿ ಕೊಟ್ಟ. “ಇದನ್ನ ಯಾರೂ ಬಂದ್ ಮಾಡಂಗಿಲ್ಲಬೇ. ಕೆಲ್ಸ ಇಲ್ಲಂದ್ರ ಅದರ ಪಾಡಿಗೆ ಅದು ನಿದ್ದಿ ಮಾಡ್ತದ, ಮುಟ್ಟಿದ್ರ ಏಳ್ತದ. ಬಟನ್ನಿನ ಗರಜೇ ಬೀಳಂಗಿಲ್ಲ. ಅದಕ್ಕೇ ಹಂಗ ಕೆಳಗ ಇಟ್ಟಾರ.”

ಇಟ್ಟವರಿಗೆ ನಮ್ಮ ಅತ್ತೆಯ ಪರಿಚಯ ಇರಲಿಲ್ಲ.

ಹೊಸ ಯಂತ್ರದ ಮುಂದೆ ಮೊದಲು ಬಂದವರು ಶಿರವಾಳದ ಕಡೆಯ ಮದುವೆ ಮನೆಯವರು. ವರನ ಅಜ್ಜಿ ಹೆಬ್ಬೆರಳಿಗೆ ಕುಂಕುಮ ಮೆತ್ತಿಕೊಂಡು ಯಂತ್ರದ ಸುತ್ತ ಕೈ ತಿರುಗಿಸಿದಳು. ಎಲ್ಲಿ ಹಚ್ಚಬೇಕೆಂದು ತಿಳಿಯದೆ ನನ್ನ ಮುಖ ನೋಡಿದಳು. ಮೇಲೆ ಹಚ್ಚಿರಿ ಎಂದೆ. ಆಮೇಲೆ ನನ್ನ ಬಲಗೈಯನ್ನು ಯಂತ್ರದ ಮೇಲಿಂದ ಹಾಯಿಸಿ, ಹಿಂದಿನ ಎಡ ಮೂಲೆ ಹಿಡಿದೆ. ಮಣಿಕಟ್ಟು ತಿರುಚಿಕೊಂಡಿತು. ಬಳೆಗಳು ಯಂತ್ರಕ್ಕೆ ಬಡಿದವು. ಬೆರಳು ಬಟನ್ನೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಓಡಾಡಿತು. ಇನ್ನೂ ಸ್ವಲ್ಪ ಎತ್ತಿದೆ, ಹಿಂದಿನ ವಾಯರು ಕಿತ್ತು ಕೈಗೆ ಬಂತು.

“ತಡೀರಿ ಅಕ್ಕಾ,” ಎಂದು ನೆಗೆಣ್ಣಿ ಎದ್ದು ಬಂದಳು. ವಾಯರು ಸಿಕ್ಕಿಸಿದಳು. ಎಡಗೈಯನ್ನು ಆ ಮೂಲೆಗೆ ಇಟ್ಟಳು, ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ. ಎತ್ತಿದಳೋ ಇಲ್ಲವೋ ಗೊತ್ತಾಗಲಿಲ್ಲ, ಮುಂದೆ ಬಿಳಿ ದೀಪ ಹತ್ತಿತು.

ಅಜ್ಜಿ ಹೌಹಾರಿದಳು. “ಎಡಗೈಲೇ ಚಾಲೂ ಮಾಡಿದೇನವ್ವ? ನಮ್ಮ ಹುಡುಗನ ಮದಿವಿ ಅದು!”

ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಈಗ ಬೀಳುತ್ತದೆ ಇವಳಿಗೆ ಎಂದುಕೊಂಡೆ. ನೆಗೆಣ್ಣಿ ಮಾತ್ರ ನಕ್ಕಳು. ಅಂಜಿದ ನಗುವೂ ಅಲ್ಲ, ಮರೆಮಾಚುವ ನಗುವೂ ಅಲ್ಲ.

“ನಾ ಹುಟ್ಟಿದ್ದೇ ಎಡಚಿ ಇದೀನ್ರಿ ಅಜ್ಜಿ. ಈ ಮಷಿನ್ನೂ ನನ್ನಂಗ ಎಡಚೀನೇ. ಇಬ್ಬರೂ ಕೂಡಿ ನಿಮ್ಮ ಕಾರ್ಡ್ ಎಷ್ಟ್ ಚಂದ ಮಾಡ್ತೀವಿ, ನೋಡ್ರಿ.”

ಅಜ್ಜಿಗೆ ನಗು ಬಂತು. ವರನ ತಾಯಿಯೂ ನಕ್ಕಳು. ನಾನು ಮಂಚದ ಕಡೆ ನೋಡಿದೆ. ಕುಂಕುಮದ ಬಟ್ಟಲನ್ನು ಎಡಗೈಯಲ್ಲಿ ಹಿಡಿದೆನೆಂದು ಒಮ್ಮೆ ನನ್ನನ್ನು ಬಂದವರೆದುರಿಗೇ ಬೈದಿದ್ದ ಅತ್ತೆ ಅಲ್ಲಿ ಕುಳಿತಿದ್ದರು. ಅವರು ಎಲೆಗೆ ಸುಣ್ಣ ಹಚ್ಚುತ್ತ, “ಇರ್ಲಿ ಬಿಡ್ರಿ, ಚಾಲೂ ಆತಲ್ಲ, ಸಾಕು,” ಎಂದರು.

ಅಷ್ಟೇ. ಅಷ್ಟರಲ್ಲೇ ಮುಗಿಯಿತು. ಪದ್ಧತಿಯ ಪ್ರಕಾರ ಆ ಕಾರ್ಡು ನೆಗೆಣ್ಣಿಯದಾಯಿತು, ಕುರ್ಚಿಯೂ ಅವಳದಾಯಿತು. ನಾನು ಜೆರಾಕ್ಸ್ ಯಂತ್ರದ ಮುಂದೆ ನಿಂತು ಯಾರದೋ ಪಹಣಿಯ ನಕಲು ತೆಗೆದುಕೊಟ್ಟೆ.

ಅದೇ ವಾರ ಸುರಪುರದಿಂದ ತಮ್ಮನ ಫೋನು ಬಂತು. ಅವನ ಮಗಳ ಮದುವೆ ಗೊತ್ತಾಗಿತ್ತು. ಆ ಹುಡುಗಿ ಹುಟ್ಟಿದಾಗ ಮೊದಲು ಎತ್ತಿಕೊಂಡವಳು ನಾನು, ತೊಟ್ಟಿಲಲ್ಲಿ ಹಾಕಿ ಹೆಸರು ಕರೆದವಳೂ ನಾನೇ. “ಅಕ್ಕಾ, ಕಾರ್ಡ್ ನಿನ್ನ ಕೈಲೇ ಚಾಲೂ ಆಗ್ಬೇಕು ನೋಡು,” ಎಂದ ತಮ್ಮ. “ನೀ ಬಟನ್ ಒತ್ತೂತನಕ ನಾ ಅಲ್ಲಿಂದ ಏಳಂಗಿಲ್ಲ.”

“ಮತ್ತ ಯಾರ್ ಒತ್ತಾರು?” ಎಂದೆ ನಾನು. ದನಿ ಗಟ್ಟಿಯಾಗಿಯೇ ಇತ್ತು. ಫೋನು ಇಟ್ಟ ಮೇಲೆ ಆ ಸಣ್ಣ ಯಂತ್ರವನ್ನು ಬಹಳ ಹೊತ್ತು ನೋಡಿದೆ.

ಅವರು ಬರುವುದರೊಳಗೆ ನನ್ನ ಬಲಗೈಗೆ ಆ ಬಟನ್ ಸಿಗಬೇಕಾಗಿತ್ತು. ಕೈ ಬಗ್ಗದಿದ್ದರೆ ಯಂತ್ರ ಬಗ್ಗಲಿ ಎಂದುಕೊಂಡೆ. ಒಂದು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅಂಗಡಿಗೆ ಹೋಗಿ, ಯಂತ್ರವನ್ನು ಹಿಂದುಮುಂದು ಮಾಡಿ ಇಟ್ಟೆ. ಹಿಂದಿನ ಎಡ ಮೂಲೆ ಈಗ ಮುಂದಿನ ಬಲ ಮೂಲೆಯಾಯಿತು. ಬಲಗೈಗೆ ಸಲೀಸಾಗಿ ಸಿಕ್ಕಿತು. ಆದರೆ ವಾಯರುಗಳೆಲ್ಲ ಮುಂದಕ್ಕೆ ಬಂದು ಕೀಬೋರ್ಡಿನ ಮೇಲೆ ಬಿದ್ದವು, ದೀಪ ಗೋಡೆಗೆ ಮುಖ ಮಾಡಿತು. ಬಂದವರೊಬ್ಬರು, “ಇದ್ಯಾಕ್ರಿ ಸಿಟ್ಟಾಗಿ ಕುಂತದ?” ಎಂದು ಕೇಳಿದರು. ಮಧ್ಯಾಹ್ನ ನಾನು ಊಟ ಮುಗಿಸಿ ಬರುವಷ್ಟರಲ್ಲಿ ಯಂತ್ರ ಮತ್ತೆ ಮೊದಲಿನ ಹಾಗೇ ಇತ್ತು.

ಮಾರನೆಯ ಬೆಳಿಗ್ಗೆ ಮತ್ತೆ ತಿರುಗಿಸಿದೆ. ಮಧ್ಯಾಹ್ನ ಅದು ಮತ್ತೆ ತಿರುಗಿತು. ಯಾಕೆ ತಿರುಗಿಸಿದೆ ಎಂದು ನೆಗೆಣ್ಣಿ ನನ್ನನ್ನು ಕೇಳಲಿಲ್ಲ, ನಾನೂ ಅವಳನ್ನು ಕೇಳಲಿಲ್ಲ. ಅಡುಗೆಮನೆಯಲ್ಲಿ ಇಬ್ಬರೂ ಒಂದೇ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆವು. ಶೇಂಗಾ ಹಿಂಡಿಗೆ ಖಾರ ಎಷ್ಟು ಹಾಕಬೇಕೆಂದು ಮಾತಾಡುತ್ತಿದ್ದೆವು. ಮಳೆ ಬಂದೀತೇ ಎಂದು ಊರ ಪಕ್ಕದ ಮಲಗಿದ ಬುದ್ಧನ ಗುಡ್ಡದ ಕಡೆ ಇಬ್ಬರೂ ನೋಡುತ್ತಿದ್ದೆವು. ಯಂತ್ರದ ಸುದ್ದಿಗೆ ಮಾತ್ರ ಇಬ್ಬರ ಬಾಯಿಗೂ ಬೀಗ. ಅವಳು ಬಡಿಸುವಾಗ ನನ್ನ ತಟ್ಟೆಗೆ ಒಂದು ಸೌಟು ಪುಂಡಿಪಲ್ಯ ಹೆಚ್ಚಾಗಿಯೇ ಹಾಕುತ್ತಿದ್ದಳು. ಅದಕ್ಕೂ ನನಗೆ ಮೈ ಉರಿಯುತ್ತಿತ್ತು.

ಕೊನೆಗೆ ನನಗೆ ಇನ್ನೊಂದು ದಾರಿ ಹೊಳೆಯಿತು. ಯಂತ್ರವನ್ನು ಬೋರಲು ಹಾಕಿದೆ. ಅಡಿ ಮೇಲಾಯಿತು, ಬಟನ್ ಆಕಾಶ ನೋಡಿತು. ವಾಯರುಗಳೂ ಹಿಂದೆಯೇ ಉಳಿದವು. ಇಷ್ಟು ಸುಲಭದ ಉಪಾಯ ಅವಳ ವಿದ್ಯೆಗೆ ಹೊಳೆಯಲಿಲ್ಲವಲ್ಲ ಎಂದು ನನಗೆ ಹೆಮ್ಮೆ. ಅವತ್ತೇ ಒಂದು ಮದುವೆ ಮನೆಯವರು ಬಂದರು. ವಧುವಿನ ತಾಯಿ ಬಟನ್ ಕಂಡು ಹಿಗ್ಗಿದಳು. ಅರಿಶಿಣ ಹಚ್ಚಿದಳು, ಕುಂಕುಮ ಹಚ್ಚಿದಳು, ಅಷ್ಟಕ್ಕೇ ನಿಲ್ಲದೆ ದೇವರಿಗೆ ಹಾಕುವ ಹಾಗೆ ಒಂದು ಹಿಡಿ ಅಕ್ಷತೆಯನ್ನೂ ಹಾಕಿದಳು. ನಾನು ಬಲಗೈಯಿಂದ ಬಟನ್ ಒತ್ತಿದೆ. ದೀಪ ಹತ್ತಿತು. ಕುರ್ಚಿ ಎಳೆದುಕೊಂಡು ಕುಳಿತೆ.

ಯಂತ್ರದ ಅಡಿಯಲ್ಲಿ ಗಾಳಿ ಆಡಲು ದುಂಡಗೆ ಒಂದು ಸಂದು ಇದೆ. ಬೋರಲು ಹಾಕಿದಾಗ ಮೇಲಾಗಿದ್ದ ಆ ಸಂದಿಯೊಳಗೆ ಅಕ್ಷತೆ ಇಳಿದಿತ್ತು. ಒಳಗಿನ ಫ್ಯಾನು ತಿರುಗಿದ್ದೇ ತಡ, ಯಂತ್ರ ಕಟಕಟ ಹಲ್ಲು ಕಡಿಯತೊಡಗಿತು. ವಧುವಿನ ತಾಯಿಯ ಮುಖ ಸಣ್ಣದಾಯಿತು. ಮೈದುನ ಓಡಿ ಬಂದು ವಾಯರು ಕಿತ್ತು, ಯಂತ್ರ ಬಿಚ್ಚಿ, ಹಳದಿ ಅಕ್ಕಿಕಾಳುಗಳನ್ನು ಒಂದೊಂದೇ ತೆಗೆದು ಅತ್ತೆಯ ಅಂಗೈಯಲ್ಲಿ ಹಾಕಿದ.

“ವೈನಿ, ಇದೇನ್ ಕಂಪ್ಯೂಟರೋ ಅಕ್ಕಿ ಗಿರಣಿಯೋ?” ಎಂದ. ಎಲ್ಲರೂ ನಕ್ಕರು. ನೆಗೆಣ್ಣಿ ಒಬ್ಬಳು ನಗಲಿಲ್ಲ. ಅವಳೂ ನಕ್ಕಿದ್ದರೆ ಮುಖದ ಮೇಲೆ ಎರಡು ಮಾತು ಆಡಬಹುದಿತ್ತು. ಅದಕ್ಕೂ ಅವಳು ಎಡೆ ಕೊಡಲಿಲ್ಲ.

ಅತ್ತೆ ಅಕ್ಕಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡರು. “ಇನ್ಮ್ಯಾಲ ಈ ಮಷಿನ್ ಯಾರೂ ತಿರುವಿ ಇಡೂಹಂಗಿಲ್ಲ,” ಎಂದರು. ನನ್ನ ಕಡೆ ತಿರುಗಿ, “ಆಕಿಗೆ ಸಲೀಸ್ ಅದ, ಆಕೀನೇ ಚಾಲೂ ಮಾಡ್ಲಿ. ನೀ ಜೆರಾಕ್ಸ್ ನೋಡ್ಕೊಂಡ್ ಹೋಗವ್ವ,” ಎಂದರು. ಕೆಟ್ಟ ಮಾತೇನಲ್ಲ ಅದು. ದನಿಯೂ ಮೆತ್ತಗೇ ಇತ್ತು. ಆದರೂ ಆ ಮಾತು ಇಂದಿಗೂ ಎದೆಯಲ್ಲಿ ಚುಚ್ಚುತ್ತದೆ.

ಅಂದಿನಿಂದ ನೆಗೆಣ್ಣಿಯ ಎಡಗೈ ನನ್ನ ಕಣ್ಣಿಗೆ ಬಿದ್ದಾಗಲೆಲ್ಲ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದ ಹಾಗಾಗುತ್ತಿತ್ತು. ಆ ಕೈ ಎಲ್ಲೆಂದರಲ್ಲಿ ಇತ್ತು. ಉಳ್ಳಾಗಡ್ಡಿ ಹೆಚ್ಚುವುದೂ ಅದೇ ಕೈ, ಬಾಗಿಲ ಮುಂದೆ ರಂಗೋಲಿ ಎಳೆಯುವುದೂ ಅದೇ, ಲಕೋಟೆಯ ಮೇಲೆ ಹೆಸರು ಬರೆಯುವುದೂ ಅದೇ. ಉಣ್ಣುವುದೊಂದೇ ಬಲಗೈಯಲ್ಲಿ. ಒಂದು ದಿನ ಹೆಚ್ಚುತ್ತ ಹೆಚ್ಚುತ್ತ ತಾನೇ ಹೇಳಿದಳು. ಸಣ್ಣವಳಿದ್ದಾಗ ಶಾಲೆಯಲ್ಲಿ ಯಾರೋ ಮೇಷ್ಟ್ರು ಕೈ ಬದಲಿಸು ಎಂದರಂತೆ. ಅವಳ ಅಪ್ಪ ಯಾದಗಿರಿಯ ಆ ಶಾಲೆಗೇ ಹೋಗಿ, “ಕೈ ಆಕಿದು, ಬರೀಲಿ ಬಿಡ್ರಿ,” ಎಂದು ಹೇಳಿ ಬಂದನಂತೆ. ಹಬ್ಬದ ಸುದ್ದಿ ಹೇಳಿದಷ್ಟು ಹಗುರಾಗಿ ಹೇಳಿದಳು. ಅವತ್ತು ನನಗೆ ಊಟ ಸೇರಲಿಲ್ಲ.

ಕುರ್ಚಿ ಹೋಯಿತೆಂಬ ಉರಿ ಅರ್ಧ ಮಾತ್ರ. ಉಳಿದರ್ಧ ಹೇಳಿಬಿಡುತ್ತೇನೆ. ನಾನೂ ಎಡಚಿಯಾಗಿಯೇ ಹುಟ್ಟಿದವಳು.

ಸುರಪುರದಲ್ಲಿ ನಮ್ಮ ಮನೆ ಏರು ಓಣಿಯಲ್ಲಿತ್ತು. ಮನೆ ನಡೆಸುತ್ತಿದ್ದವಳು ನಮ್ಮ ಆಯಿ, ಅಂದರೆ ಅಪ್ಪನ ತಾಯಿ. ನಾನು ತಟ್ಟೆಗೆ ಎಡಗೈ ಹಾಕಿದ ಮೊದಲ ದಿನಗಳಲ್ಲಿ ಅವಳು ಕೈ ಸರಿಸಿ ನೋಡಿದಳು, ಗದರಿಸಿ ನೋಡಿದಳು. ಆಮೇಲೆ ಹಳೆಯ ಸೀರೆಯೊಂದನ್ನು ಉದ್ದಕ್ಕೆ ಹರಿದು, ಆ ಪಟ್ಟಿಯಿಂದ ನನ್ನ ಎಡಗೈಯನ್ನು ಲಂಗದ ಲಾಡಿಗೆ ಕಟ್ಟಿದಳು. ಊಟಕ್ಕೆ ಕೂತಾಗ ಕಟ್ಟುತ್ತಿದ್ದಳು. ಬರೆಯಲು ಪಾಟಿ ಹಿಡಿದು ಕೂತಾಗಲೂ ಕಟ್ಟುತ್ತಿದ್ದಳು. “ಎಡಗೈ ಮುಂದ ಮಾಡಿದ್ರ ನಾಳೆ ಯಾರ್ ಮನಿ ತುಂಬಿಸ್ಕೋತಾರ ನಿನ್ನ?” ಎನ್ನುತ್ತಿದ್ದಳು. ಕೆಟ್ಟವಳಲ್ಲ ನಮ್ಮ ಆಯಿ. ಬಲಗೈಯಲ್ಲಿ ರೊಟ್ಟಿ ಮುರಿಯಲು ಬಾರದೆ ನಾನು ಅಳುತ್ತ ಕೂತರೆ ತಾನೇ ಮುರಿದು ಬಾಯಿಗಿಡುತ್ತಿದ್ದಳು. ಆದರೆ ಗಂಟು ಬಿಚ್ಚುತ್ತಿರಲಿಲ್ಲ. ಪಕ್ಕದಲ್ಲಿ ತಮ್ಮ ಎರಡೂ ಕೈಯಲ್ಲಿ ಉಣ್ಣುತ್ತಿದ್ದ. ಗಂಡು ಹುಡುಗ, ಅವನನ್ನು ಯಾರೂ ಏನೂ ಅನ್ನುತ್ತಿರಲಿಲ್ಲ.

ಒಂದನೇ ತರಗತಿ ಮುಗಿಯುವ ಹೊತ್ತಿಗೆ ನನ್ನ ಎಡಗೈ ಸುಮ್ಮನಾಯಿತು. ಬಲಗೈ ಬರೆಯಲು ಕಲಿಯಿತು, ಆದರೆ ಅಕ್ಷರ ಎಂದೂ ದುಂಡಗಾಗಲಿಲ್ಲ. ಬಹುಶಃ ಅದಕ್ಕೇ ನನಗೆ ಕೀಬೋರ್ಡ್ ಅಷ್ಟು ಹಿಡಿಸಿದ್ದು. ಅಲ್ಲಿ ಎರಡೂ ಕೈಗೆ ಸಮನಾದ ಕೆಲಸ. ಎಡಗೈ ಯಾಕೆ ಮುಂದೆ ಬಂತೆಂದು ಯಾರೂ ಕೇಳುವುದಿಲ್ಲ, ಯಾರ ಅಕ್ಷರ ಸೊಟ್ಟ ಎಂದು ಕಾರ್ಡು ಹೇಳುವುದಿಲ್ಲ. ಗಂಡನ ಮನೆಯಲ್ಲಿ ಈ ಸುದ್ದಿ ಯಾರಿಗೂ ಗೊತ್ತಿರಲಿಲ್ಲ. ಮದುವೆ ಮಾಡಿ ಕಳಿಸುವಾಗ ಬಾಯಿ ಬಿಡಬೇಡ ಎಂದು ಆಯಿಯೇ ಕಿವಿಯಲ್ಲಿ ಹೇಳಿದ್ದಳು. ನಾನು ಬಿಟ್ಟಿರಲಿಲ್ಲ.

ಈಗ ಹೇಳಿ. ಯಾವ ತಪ್ಪಿಗೆ ನನ್ನ ಕೈ ಕಟ್ಟಿಹಾಕಿದರೋ ಅದೇ ತಪ್ಪನ್ನು ಒಬ್ಬಳು ನಗುತ್ತ ಒಪ್ಪಿಕೊಂಡು, “ನಾ ಎಡಚಿ” ಎಂದು ಊರೆಲ್ಲ ಸಾರಿ, ಅದೇ ಕೈಯಿಂದ ನನ್ನ ಕುರ್ಚಿಯನ್ನೂ ತೆಗೆದುಕೊಂಡರೆ ಹೊಟ್ಟೆ ಉರಿಯಬಾರದೇ? ಸಾಲದ್ದಕ್ಕೆ ಎಲ್ಲೋ ಕೂತು ಯಂತ್ರ ಮಾಡಿದವರು ಬಟನ್ನನ್ನೂ ಅವಳ ಕೈಗೇ ಹೇಳಿ ಮಾಡಿಸಿದಂತೆ ಇಟ್ಟುಬಿಟ್ಟಿದ್ದರು.

ತಮ್ಮ ಮತ್ತು ಅವನ ಹೆಂಡತಿ ಸುರಪುರದ ಬಸ್ಸಿಳಿದು ಬಂದಾಗ ಬಿಸಿಲು ಏರಿತ್ತು. ಚೀಲದಲ್ಲಿ ಕುಂಕುಮ, ಅಕ್ಷತೆ, ಎಲೆ ಅಡಿಕೆ, ಮೇಲೊಂದು ಪೇಡೆಯ ಡಬ್ಬಿ. ಅತ್ತೆಯ ಕಾಲು ಮುಟ್ಟಿ, ನೀರು ಕುಡಿದು, ತಮ್ಮ ಮಂಚದ ತುದಿಗೆ ಕೂತ. ಕಂಪ್ಯೂಟರಿನ ಕುರ್ಚಿಯಲ್ಲಿ ನೆಗೆಣ್ಣಿ ಇದ್ದಳು.

“ಎಲ್ಲಿ, ಚಾಲೂ ಮಾಡಕ್ಕಾ,” ಎಂದ ತಮ್ಮ.

“ಅಯ್ಯ, ಈಗ ನಮ್ಮ ಸಣ್ಣಾಕಿ ಮಾಡ್ತಾಳಪ್ಪ,” ಎಂದರು ಅತ್ತೆ. “ಆ ಬಟನ್ ಆಕಿ ಕೈಗೇ ಸಿಗೂದು. ಈಕಿ ಕೈ ಹಾಕಿದ್ರ ಒಂದಿಲ್ಲೊಂದು ಕಿತ್ತು ಬರ್ತದ.”

ತಮ್ಮ ನನ್ನ ಮುಖ ನೋಡಿದ. ಅವನ ಹೆಂಡತಿಯೂ ನೋಡಿದಳು.

“ಇದು ನಮ್ಮ ತವರಮನಿ ಕಾರ್ಡ್ರಿ ಅತ್ತಿ. ನಾನೇ ಮಾಡ್ತೀನಿ,” ಎಂದೆ.

ನಾನು ಮಾತು ಮುಗಿಸುವ ಮೊದಲೇ ನೆಗೆಣ್ಣಿ ಯಂತ್ರ ಬಂದ್ ಮಾಡಿ ಎದ್ದು ನಿಂತಿದ್ದಳು. “ಬರ್ರಿ ಅಕ್ಕಾ, ಕುಂದ್ರಿ,” ಎಂದು ಕುರ್ಚಿ ಸರಿಸಿದಳು. ನಾನು ಕುಳಿತೆ. ತಮ್ಮನ ಹೆಂಡತಿ ಯಂತ್ರದ ನೆತ್ತಿಗೆ ಅರಿಶಿಣ ಕುಂಕುಮ ಹಚ್ಚಿದಳು. ಅಕ್ಷತೆಗೆ ಕೈ ಹಾಕಿದಾಗ ಅತ್ತೆ ಬೇಡವೆಂದರು, ಅದನ್ನು ಚೀಲದಲ್ಲೇ ಬಿಟ್ಟಳು.

ಬಲಗೈಯನ್ನು ಮೇಲಿಂದ ಹಾಯಿಸಿದೆ. ಮೂಲೆ ಸಿಕ್ಕಿತು, ಬೆರಳು ಕೆಳಗೆ ಹೋಗಲಿಲ್ಲ. ಎತ್ತಿದರೆ ಯಂತ್ರ ಹಿಂದಕ್ಕೆ ಸರಿದು ಗೋಡೆಗೆ ತಾಗಿತು. ಮತ್ತೆ ಎಳೆದುಕೊಂಡೆ. ಮತ್ತೆ ಕೈ ಹಾಯಿಸಿದೆ. ಹಚ್ಚಿದ ಕುಂಕುಮವೆಲ್ಲ ನನ್ನ ಮುಂಗೈಗೆ ಬಳಿದುಕೊಂಡಿತು. ಬೆವರು ಕಣ್ಣಿಗಿಳಿಯಿತು. ಒಳಗೆ ಅಚ್ಚಿನ ಯಂತ್ರ ತನ್ನ ಪಾಡಿಗೆ ಸದ್ದು ಮಾಡುತ್ತಿತ್ತು.

“ಹಟಾ ಯಾಕವ್ವ?” ಎಂದರು ಅತ್ತೆ. “ವಾಯರ್ ಕಿತ್ತೀತು. ಆಕಿಗೆ ಬಿಡು.”

ನಾನು ಬಿಡಲಿಲ್ಲ. ತಮ್ಮ ಎದ್ದು ಬಂದು ಮೇಜಿನ ಪಕ್ಕ ನಿಂತ. ಅವನು ನೋಡುತ್ತಿದ್ದದ್ದು ಯಂತ್ರವನ್ನಲ್ಲ, ನನ್ನ ಮಡಿಲನ್ನು. ನನ್ನ ಎಡಗೈ ಅಲ್ಲಿ ಸೀರೆಯ ನೆರಿಗೆಯನ್ನು ಬಿಗಿಯಾಗಿ ಹಿಡಿದು ಕೂತಿತ್ತು. ಹಾಗೆ ಹಿಡಿದದ್ದು ನನಗೇ ಗೊತ್ತಿರಲಿಲ್ಲ.

ಅವನು ಬಗ್ಗಿ, ಮೆಲ್ಲಗೆ ಕೇಳಿದ. “ಅಕ್ಕಾ, ಈಗ ಯಾರ್ ಕಟ್ಯಾರ?”

ನಾನು ನೆರಿಗೆ ಬಿಟ್ಟೆ. ಎಡಗೈ ತಾನಾಗಿಯೇ ಹೋಯಿತು. ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ. ಹುಡುಕಲೂ ಇಲ್ಲ, ತಡಕಾಡಲೂ ಇಲ್ಲ. ಬಟನ್ ಬೆರಳ ತುದಿಗೇ ಬಂದು ಕೂತಿತ್ತು. ಒತ್ತಿದೆ. ಬಿಳಿ ದೀಪ ಹತ್ತಿತು.

“ಏನ ಇದು?” ಎಂದು ಅತ್ತೆ ಮಂಚದಿಂದ ಕಾಲು ಕೆಳಗಿಳಿಸಿದರು. “ನಿನಗೂ ಎಡಗೈ ರೂಢಿ ಅದ?”

ತಮ್ಮನೇ ಹೇಳಿದ. “ಆಕಿ ಮೊದ್ಲಿಂದ ಎಡಚೀನೇ ಇದ್ಲರಿ. ನಮ್ಮ ಆಯಿ ಕಟ್ಟಿ ಕಟ್ಟಿ ಬಿಡಿಸಿದ್ಲು.”

“ಅಕ್ಕಾ!” ನೆಗೆಣ್ಣಿ ಕಳೆದುಹೋದ ಸ್ವಂತ ಅಕ್ಕ ಸಿಕ್ಕವಳ ಹಾಗೆ ನನ್ನ ಭುಜ ಹಿಡಿದಳು. “ನೀವೂ ಎಡಚೀನ? ಮತ್ತ ಇಷ್ಟ್ ದಿನ ಯಾಕ್ ಹೇಳ್ಲಿಲ್ರಿ?”

ಎಷ್ಟು ಸಲೀಸಾಗಿ ಕೇಳಿಬಿಟ್ಟಳು. ಆ ಮಾತನ್ನು ಅವಳು ನಗುತ್ತ ಆಡಬಲ್ಲಳು. ನನಗೆ ಅದನ್ನು ಬಾಯಿಗೆ ತಂದುಕೊಳ್ಳಲೂ ಆಗಲಿಲ್ಲ. ಅವಳ ಸಂತೋಷ ಕಂಡೂ ನನಗೆ ಉರಿಯಿತು.

ನಾನು ಅತ್ತೆಯ ಮಾತಿಗೆ ಕಾದೆ. ಬಯ್ಯಲಿ ಎಂದು ಮನಸ್ಸು ಒಳಗೊಳಗೇ ಬೇಡುತ್ತಿತ್ತು. ಬಯ್ದರೆ, ಆಯಿ ಮಾಡಿದ್ದು ಸರಿಯಿತ್ತು ಎಂದಾದರೂ ಆಗುತ್ತಿತ್ತು. ಅತ್ತೆ ನನ್ನ ಮುಖ ನೋಡಿದರು, ದೀಪ ನೋಡಿದರು. ಮತ್ತೆ ಕಾಲು ಮೇಲೆ ಮಡಿಚಿ ಕೂತರು.

“ಇರ್ಲಿ ಬಿಡು,” ಎಂದರು. “ಚಾಲೂ ಆತಲ್ಲ, ಸಾಕು.”

ಇಷ್ಟೇ ಆಗಿತ್ತು. ಇಷ್ಟು ಸಣ್ಣ ಮಾತು. ನಮ್ಮ ಆಯಿಗೆ ಇದನ್ನು ಆಡಲು ಬಂದಿದ್ದರೆ ಆ ಸೀರೆ ಹರಿಯಬೇಕಾಗಿರಲಿಲ್ಲ. ನಾನು ಕಣ್ಣೊರೆಸಿಕೊಂಡು ಕೀಬೋರ್ಡಿಗೆ ಎರಡೂ ಕೈ ಇಟ್ಟು ತಮ್ಮನ ಮಗಳ ಹೆಸರು ಹಾಕಿದೆ.

ಕಾರ್ಡು ಅಚ್ಚಾದ ಮೇಲೆ ತಮ್ಮ ಮತ್ತೆ ಬಂದ. ಮೊದಲ ಕಾರ್ಡು ಮನೆದೇವರಿಗೆ. ಅದರ ಲಕೋಟೆಯ ಮೇಲಿನ ಹೆಸರನ್ನು ಕೈಯಿಂದಲೇ ಬರೆಯಬೇಕು. “ನೀನೇ ಬರಿ ಅಕ್ಕಾ,” ಎಂದು ನನ್ನ ಮುಂದೆ ಇಟ್ಟ. ನಾನು ಪೆನ್ನನ್ನು ಎಡಗೈಯಲ್ಲಿ ಹಿಡಿದೆ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ. ಬಟನ್ ಸಿಕ್ಕ ಧೈರ್ಯ ಇರಬೇಕು.

ಪೆನ್ನು ಲಕೋಟೆಯ ಮೇಲೆ ನಿಂತಿತು. ಮೊದಲ ಅಕ್ಷರ ಏರಿತು, ಎರಡನೆಯದು ಇಳಿಯಿತು. ಒತ್ತಕ್ಷರ ಹಾಕಬೇಕಾದಲ್ಲಿ ಕೈಗೆ ದಾರಿಯೇ ತಿಳಿಯಲಿಲ್ಲ. ಬರೆದು ಮುಗಿಸಿ ನೋಡಿದರೆ ಒಂದನೇ ತರಗತಿಯ ಹುಡುಗಿಯ ಅಕ್ಷರ. ನಾನು ದೊಡ್ಡವಳಾದೆ, ಮದುವೆಯಾದೆ, ಊರಿಗೆಲ್ಲ ಕಾರ್ಡು ಮಾಡಿಕೊಟ್ಟೆ. ಆ ಕೈ ಮಾತ್ರ ಸುರಪುರದ ಏರು ಓಣಿಯಲ್ಲೇ, ಕಟ್ಟಿದ ಜಾಗದಲ್ಲೇ ನಿಂತಿತ್ತು.

“ಓದಾಕ ಬರ್ತದಕ್ಕಾ, ಸಾಕು,” ಎಂದ ತಮ್ಮ.

ನೆಗೆಣ್ಣಿ ಮೇಜಿನ ಆ ಬದಿಯಲ್ಲಿ ಕೂತು ಉಳಿದ ಲಕೋಟೆಗಳಿಗೆ ಹೆಸರು ಬರೆಯುತ್ತಿದ್ದಳು. ಅವಳ ಎಡಗೈ ಎಲ್ಲೂ ತಡೆಯದೆ ಹರಿಯುತ್ತಿತ್ತು. ದುಂಡನೆಯ ಅಕ್ಷರ, ಒಂದರ ಪಕ್ಕ ಒಂದು. ನಾನು ಅವಳ ಕೈ ನೋಡಿದೆ, ನನ್ನದು ನೋಡಿದೆ. ಹೊಟ್ಟೆ ಉರಿಯಿತು. ಪೆನ್ನನ್ನು ಎಡಗೈಯಲ್ಲೇ ಹಿಡಿದು, ಅವಳ ಮುಂದಿದ್ದ ರಾಶಿಯಿಂದ ಇನ್ನೊಂದು ಲಕೋಟೆ ಎಳೆದುಕೊಂಡೆ.